ಸ್ವಾಮಿಪಾಲಧರ್ಮವೂ ಪ್ರಾಣಿರಕ್ಷಣಸಂಸ್ಥೆಗಳ ಲೆಕ್ಕವೂ

ಗಾಯಗೊಂಡ, ಮುದಿಯಾದ, ಒಡೆಯರಿಂದ ಬಿಡಲ್ಪಟ್ಟ ಪ್ರಾಣಿಗಳನ್ನು ತಂದು ಸಾಕುವ ಸಂಸ್ಥೆಗಳು ಇಂದು ಭಾರತದ ಅನೇಕ ಪಟ್ಟಣಗಳಲ್ಲಿ ಉಂಟು. ಅವುಗಳಿಗೆ ಆಧಾರವಾದುದು ಜನರ ದಾನ. ದಾನವನ್ನು ಕೊಟ್ಟವನು ಸಾಮಾನ್ಯವಾಗಿ ಪ್ರಾಣಿಯನ್ನು ಕಾಣನು. ಪ್ರಾಣಿಯಾದರೋ ತನಗೆ ಆದುದನ್ನು ಹೇಳಲಾರದು. ಈ ಇಬ್ಬರ ನಡುವೆ ನಿಂತ ಪಾಲಕನು ತನ್ನ ಕರ್ತವ್ಯವನ್ನು ನೆರವೇರಿಸಿದನೋ ಇಲ್ಲವೋ ಎಂಬುದನ್ನು ತಿಳಿಯುವ ಬಗೆ ಯಾವುದು ಎಂಬುದೇ ಪ್ರಕೃತ ವಿಚಾರ. ಇದು ಹೊಸಕಾಲದ ಪ್ರಶ್ನೆಯೆಂದು ಮೇಲುನೋಟಕ್ಕೆ ತೋರುವುದಾದರೂ ಇದರ ಬೇರು ಬಹು ಹಳೆಯದು. ಒಬ್ಬನ ಪಶುವನ್ನು ಮತ್ತೊಬ್ಬನು ಕಾಯುವಾಗ ಹುಟ್ಟುವ ವ್ಯಾಜ್ಯವನ್ನು ಮನುಸ್ಮೃತಿಯು ಹದಿನೆಂಟು ವ್ಯವಹಾರಪದಗಳಲ್ಲಿ ಒಂದಾಗಿ ಎಣಿಸಿದೆ. ಅದಕ್ಕೆ ಸ್ವಾಮಿಪಾಲವಿವಾದವೆಂದು ಹೆಸರು.

ಮೊದಲು ಕೌಟಿಲ್ಯನ ಅರ್ಥಶಾಸ್ತ್ರವನ್ನು ನೋಡಬಹುದು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಇದನ್ನು ಅಚ್ಚು ಮಾಡಿಸಿ ಲೋಕಕ್ಕೆ ಕೊಟ್ಟರೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಅದರ ಎರಡನೆಯ ಅಧಿಕರಣದ ಗೋಧ್ಯಕ್ಷಪ್ರಕರಣವು ಪಶುಗಳ ಲೆಕ್ಕವನ್ನೇ ವಿಷಯವಾಗಿ ಉಳ್ಳದ್ದು. ಹಿಂಡಿನ ಒಂದೊಂದು ಪಶುವಿಗೂ ಹಾಕಿದ ಮುದ್ರೆ, ಹುಟ್ಟಿನಿಂದ ಬಂದ ಗುರುತು, ಬಣ್ಣ, ಕೊಂಬಿನ ಭೇದ ಇವುಗಳನ್ನು ಬರೆದಿಡತಕ್ಕದ್ದು. ಕರು ಹುಟ್ಟಿ ಒಂದೆರಡು ತಿಂಗಳಾಗುವಷ್ಟರಲ್ಲಿ ಅದಕ್ಕೆ ಗುರುತು ಬೀಳಬೇಕು. ಎಲ್ಲಿಂದಲೋ ಬಂದು ಹಿಂಡಿನಲ್ಲಿ ಒಂದೆರಡು ತಿಂಗಳು ನಿಂತ ಪಶುವಿಗೂ ಹಾಗೆಯೇ. ಎಳೆಯವು, ಮುದಿಯವು, ರೋಗಿಗಳು ಇವುಗಳಿಗೆ ಗೋಪಾಲಕರು ಚಿಕಿತ್ಸೆ ಮಾಡತಕ್ಕವರು. ಕಳೆದುಹೋದ ಪಶು ಬೇರೆ, ಸತ್ತ ಪಶು ಬೇರೆ. ಮೊದಲನೆಯದು ನಷ್ಟ, ಎರಡನೆಯದು ವಿನಷ್ಟ. ಕಳ್ಳರು ಒಯ್ದುದು, ಬೇರೆ ಹಿಂಡಿಗೆ ಸೇರಿದುದು, ಕಾಣದೆ ಹೋದುದು ಎಂದು ನಷ್ಟದಲ್ಲಿ ಭೇದಗಳುಂಟು. ಕೆಸರು, ಹಳ್ಳ, ರೋಗ, ಮುಪ್ಪು, ನೀರು, ಮೇವು, ಸಿಡಿಲು, ಹುಲಿ, ಹಾವು, ಕಾಡುಕಿಚ್ಚು ಎಂದು ವಿನಷ್ಟದ ಕಾರಣಗಳನ್ನೂ ಬಿಡಿಬಿಡಿಯಾಗಿ ಹೇಳಿದೆ.

ಈ ಪ್ರಕರಣದಲ್ಲಿ ಮುಖ್ಯವಾಗಿ ಗಮನಿಸತಕ್ಕ ಅಂಶ ಸಾಕ್ಷ್ಯದ ನಿಯಮ. ದನ ಅಥವಾ ಎಮ್ಮೆ ಸತ್ತರೆ ಮುದ್ರೆಯುಳ್ಳ ಚರ್ಮವನ್ನೂ, ಆಡುಕುರಿಗಳು ಸತ್ತರೆ ಗುರುತುಳ್ಳ ಕಿವಿಯನ್ನೂ, ಕುದುರೆ ಕತ್ತೆ ಒಂಟೆಗಳು ಸತ್ತರೆ ಬಾಲವನ್ನೂ ಮುದ್ರೆಯ ಚರ್ಮವನ್ನೂ ಕಾಯುವವನು ಒಪ್ಪಿಸಬೇಕು. “ಸತ್ತಿತು” ಎಂಬ ಬರಿಯ ಮಾತು ಸಾಲದು. ಬೇರೆಯವರ ಪಶುವಿಗೆ ರಾಜಮುದ್ರೆಯನ್ನು ಹಾಕಿ ಸಂಖ್ಯೆಯನ್ನು ಸರಿದೂಗಿಸುವವನಿಗೆ ತಲೆಯೊಂದಕ್ಕೆ ಪೂರ್ವಸಾಹಸದಂಡ. ಲೆಕ್ಕದ ಸಂಖ್ಯೆ ಕೂಡಿಬಂದ ಮಾತ್ರಕ್ಕೆ ಲೆಕ್ಕ ಶುದ್ಧವಾಗದೆಂಬುದನ್ನು ಗ್ರಂಥಕಾರನು ಚೆನ್ನಾಗಿ ಬಲ್ಲನು.

ಇದೇ ಪ್ರಕರಣದಲ್ಲಿ ಭಗ್ನೋತ್ಸೃಷ್ಟಕವೆಂಬ ಒಂದು ವರ್ಗವುಂಟು. ರೋಗದವು, ಅಂಗಹೀನವಾದವು, ಕರೆಯಲು ಕಷ್ಟವಾದವು, ಕರುವನ್ನು ಕೊಲ್ಲುವವು ಮುಂತಾದ ಪಶುಗಳನ್ನು ಸಮಭಾಗವಾಗಿ ಕೂಡಿಸಿ ನೂರರ ಹಿಂಡು ಮಾಡಿ ಕಾಯಲು ಕೊಡುವುದು; ಕಾಯುವವರು ಅವುಗಳಿಂದ ಬಂದುದರಲ್ಲಿ ತಕ್ಕ ಭಾಗವನ್ನು ಸಲ್ಲಿಸುವುದು. ಇಂದಿನ ಅನಾಥಪಶುಶಾಲೆಗೆ ಇದಕ್ಕಿಂತ ಹತ್ತಿರವಾದ ವರ್ಗ ಅಲ್ಲಿ ಇಲ್ಲ. ಹಾಲುತುಪ್ಪಗಳ ಆಸೆಯಿರುವ ಹಿಂಡನ್ನು ಒಡೆಯನು ತಾನಾಗಿಯೇ ನೋಡಿಕೊಳ್ಳುವನು. ಯಾವುದರಿಂದ ಲಾಭವಿಲ್ಲವೋ ಅದರ ಕಡೆಗೆ ಕಣ್ಣು ಹೊರಳುವುದಿಲ್ಲ. ಆದಕಾರಣ ಲಾಭವಿಲ್ಲದ ಪಶುವಿಗೇ ಬರೆದಿಟ್ಟ ಲೆಕ್ಕದ ರಕ್ಷೆ ಹೆಚ್ಚಾಗಿ ಬೇಕೆಂದು ಸಿದ್ಧಿಸುವುದು.

ಸ್ಮೃತಿಗಳಲ್ಲಿ ಲೆಕ್ಕಕ್ಕಿಂತ ಹೊಣೆಯ ವಿಚಾರವು ಪ್ರಧಾನ. ಬೆಳಗ್ಗೆ ಒಪ್ಪಿಸಿಕೊಂಡ ಪಶುಗಳನ್ನು ಗೋಪನು ಸಂಜೆ ಹಾಗೆಯೇ ಹಿಂದಕ್ಕೆ ಒಪ್ಪಿಸಬೇಕೆಂಬುದು ಯಾಜ್ಞವಲ್ಕ್ಯನ ವಿಧಿ. ಇದಕ್ಕೆ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ಆತನ ಮಿತಾಕ್ಷರೆಯು ಕನ್ನಡನಾಡಿನಲ್ಲಿ ಹುಟ್ಟಿ ಭಾರತದ ಬಹುಭಾಗದಲ್ಲಿ ಪ್ರಮಾಣವಾಯಿತು. ಮನುವು ಹಗಲಿನ ಹೊಣೆಯನ್ನು ಪಾಲನಿಗೂ, ಪಶುಗಳು ಮನೆಯಲ್ಲಿರುವ ರಾತ್ರಿಯ ಹೊಣೆಯನ್ನು ಸ್ವಾಮಿಗೂ ಹಂಚಿರುವನು. ಪುರುಷಪ್ರಯತ್ನವಿಲ್ಲದೆ ಹಾಳಾದ ಪಶುವನ್ನು ಪಾಲನು ತುಂಬಿಕೊಡಬೇಕು. ಕಳ್ಳರು ಒಯ್ದಾಗ ಕೂಗಿ, ತಕ್ಕ ದೇಶಕಾಲಗಳಲ್ಲಿ ಸ್ವಾಮಿಗೆ ತಿಳಿಸಿದರೆ ತುಂಬಿಕೊಡಬೇಕಾದುದಿಲ್ಲ. ತೋಳವು ಕುರಿಗಳನ್ನು ಮುತ್ತಿದಾಗ ಪಾಲನು ಬರದೆ ಹೋದರೆ ದೋಷವು ಅವನದು. ಒಟ್ಟಾಗಿ ಕಾದಿದ್ದ ಕುರಿಗಳ ಮೇಲೆ ತೋಳವು ಒಮ್ಮೆಲೇ ಹಾರಿ ಕೊಂದರೆ ಅವನು ನಿರ್ದೋಷಿ. ಎರಡೆಡೆಯಲ್ಲಿಯೂ ಸತ್ತ ಕುರಿ ಒಂದೇ; ಭೇದವಿರುವುದು ಪ್ರಯತ್ನದಲ್ಲಿ, ತಿಳಿಸಿದುದರಲ್ಲಿ. ಹೀಗೆ ಸ್ಮೃತಿಕಾರರ ಮತದಲ್ಲಿ ಹಾನಿಯಾದುದೇ ಅಪರಾಧವಲ್ಲ. ಪ್ರಯತ್ನಲೋಪವೂ ಮರೆಮಾಚುವಿಕೆಯೂ ಅಪರಾಧಗಳು.

ಇನ್ನು ಇಂದಿನ ಸಂಸ್ಥೆಗಳಿಗೆ ಈ ಧರ್ಮವು ಹೇಗೆ ಅನ್ವಯಿಸುವುದೆಂದು ವಿಚಾರಿಸಬೇಕು. ಹಳೆಯ ವಿವಾದದಲ್ಲಿ ಇಬ್ಬರೇ ಕಕ್ಷಿಗಾರರು. ಸ್ವಾಮಿಯು ತನ್ನ ದನವನ್ನು ಬಲ್ಲನು. ಸಂಜೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಎಣಿಸುವನು. ಅನಾಥಪಶುವಿಗೆ ಸ್ವಾಮಿಯೇ ಇಲ್ಲ. ಹಣ ಕೊಟ್ಟ ದಾನಿಗೆ ಪಶುವಿನ ಮೇಲೆ ಸ್ವಾಮ್ಯವಿಲ್ಲ, ಅದರ ಗುರುತೂ ತಿಳಿಯದು. ಆದುದರಿಂದ ಸಂಜೆ ಒಪ್ಪಿಸಿಕೊಳ್ಳುವವರು ಯಾರೂ ಇಲ್ಲದಂತಾಯಿತು. ಸಂಸ್ಥೆಗಳಲ್ಲಿ ಕಂಡುಬರುವ ದೋಷಗಳಿಗೆಲ್ಲ ಈ ಬರಿದಾದ ಸ್ಥಾನವೇ ಮೂಲವೆಂದು ಹೇಳಬಹುದು.

ಹಿಂದೆ ಈ ಸ್ಥಾನವು ಇಷ್ಟು ಬರಿದಾಗಿರಲಿಲ್ಲ. ಮುಂಬಯಿಯಲ್ಲಿ ಬೀದಿನಾಯಿಗಳನ್ನು ಕೊಲ್ಲಿಸುವುದರ ವಿರುದ್ಧ ೧೮೩೨ರಲ್ಲಿ ದೊಡ್ಡ ಗಲಭೆಯಾಯಿತು. ಅನಂತರ ೧೮೩೪ರಲ್ಲಿ ಜಮ್ಶೇಟ್ಜಿ ಜೀಜೀಭಾಯಿ ಮೊದಲಾದ ವರ್ತಕರು ಅಲ್ಲಿ ಪಾಂಜರಪೋಳವನ್ನು ಸ್ಥಾಪಿಸಿದರು. ಪಶ್ಚಿಮಭಾರತದ ಪಾಂಜರಪೋಳಗಳಿಗೆ ವರ್ತಕರು ತಮ್ಮ ಸರಕಿನ ಮೇಲೆ ತಾವೇ ವಿಧಿಸಿಕೊಂಡ ಲಾಗಾ ಎಂಬ ತೆರಿಗೆಯೇ ಜೀವನ. ದಾನಿಗಳು ಅದೇ ಊರಿನವರು, ಲೆಕ್ಕದಲ್ಲಿ ನುರಿತವರು. ಶಾಲೆಯೂ ಅವರ ಕಣ್ಣಿಗೆ ಬೀಳುವಷ್ಟು ಸಮೀಪದಲ್ಲಿತ್ತು. ಆದರೂ ಮೂಲಧನವು ಬೆಳೆದಂತೆ ಧರ್ಮದರ್ಶಿಗಳು ಜನರ ಮಾತಿಗೆ ಕಿವಿಗೊಡದಿರುವ ಭಯವು ಇದ್ದೇ ಇದ್ದಿತು. ೧೯೨೪ರಲ್ಲಿ ಬೆಳಗಾವಿಯ ಗೋರಕ್ಷಣಪರಿಷತ್ತಿಗೆ ಅಧ್ಯಕ್ಷರಾಗಿದ್ದ ಗಾಂಧಿಯವರು ತಮ್ಮ ಆತ್ಮಕಥೆಯಲ್ಲಿ ಈ ಮಾತನ್ನು ಸ್ಪಷ್ಟಪಡಿಸಿರುವರು: ಸಾರ್ವಜನಿಕ ಸಂಸ್ಥೆಗಳು ಶಾಶ್ವತನಿಧಿಯಿಂದ ನಡೆಯಬಾರದು, ಅಂತಹ ನಿಧಿಯುಳ್ಳ ಅನೇಕ ಧರ್ಮಸಂಸ್ಥೆಗಳು ಲೆಕ್ಕವೊಪ್ಪಿಸುವುದನ್ನೇ ಬಿಟ್ಟು, ಅವುಗಳ ವಿಶ್ವಸ್ಥರೇ ಒಡೆಯರಾಗಿ ಕುಳಿತಿರುವರು ಎಂಬುದು ಅವರ ಅಭಿಪ್ರಾಯ.

ಇಂದಿನ ಶಾಸನಗಳು ಹಣದ ಲೆಕ್ಕವನ್ನು ಸಾಕಷ್ಟು ಕೇಳುತ್ತವೆ. ಕರ್ನಾಟಕದಲ್ಲಿ ಸಂಘವಾಗಿ ನೋಂದಾಯಿತವಾದ ಸಂಸ್ಥೆಯು ೧೯೬೦ರ ಸಂಘಗಳ ನೋಂದಣಿ ಅಧಿನಿಯಮದ ಪ್ರಕಾರ ವರ್ಷವರ್ಷವೂ ತನ್ನ ಆಯವ್ಯಯವನ್ನು ನೋಂದಣಾಧಿಕಾರಿಗೆ ಒಪ್ಪಿಸಬೇಕು. ವಿದೇಶದಿಂದ ಬಂದ ದಾನದಲ್ಲಿ ಆಡಳಿತವೆಚ್ಚವು ನೂರಕ್ಕೆ ೫೦ರವರೆಗೆ ಇರಬಹುದಾಗಿದ್ದುದನ್ನು ೨೦೨೦ರ ತಿದ್ದುಪಡಿಯು ೨೦ಕ್ಕೆ ಇಳಿಸಿತು. ಆದರೆ ದ್ರವ್ಯಲೆಕ್ಕವು ಪ್ರಾಣಿಲೆಕ್ಕವಲ್ಲ. ಹುಲ್ಲಿಗೆ ಇಷ್ಟು, ಔಷಧಕ್ಕೆ ಇಷ್ಟು ಎಂದು ಬರೆದ ಪುಸ್ತಕವು ಹುಲ್ಲನ್ನು ತಿಂದ ದನವು ಬದುಕಿದೆಯೋ ಇಲ್ಲವೋ ಎಂಬುದನ್ನು ಹೇಳದು.

ಪ್ರಾಣಿಲೆಕ್ಕದ ಅಂಶಗಳು ಶಾಸನಗಳಲ್ಲಿ ಇಲ್ಲವೇ ಇಲ್ಲವೆಂದಲ್ಲ, ಚದರಿಹೋಗಿವೆ. ೧೮೭೧ರ ಪಶುಅತಿಕ್ರಮಣ ಶಾಸನವು ದೊಡ್ಡಿಗೆ ತಂದ ದನಗಳ ಸಂಖ್ಯೆ, ಚಹರೆ, ತಂದ ದಿನ, ಗಳಿಗೆ, ತಂದವನ ಹೆಸರು ಇವುಗಳನ್ನು ಬರೆದಿಡುವಂತೆ ದೊಡ್ಡಿಯವನಿಗೆ ವಿಧಿಸಿತು. ೧೯೬೦ರ ಪ್ರಾಣಿಹಿಂಸಾನಿವಾರಣ ಅಧಿನಿಯಮದ ಕೆಳಗೆ ೨೦೧೭ರಲ್ಲಿ ಮಾಡಿದ ನಿಯಮಗಳು, ಮೊಕದ್ದಮೆಯಲ್ಲಿ ವಶಪಡಿಸಿಕೊಂಡ ಪ್ರಾಣಿಗಳನ್ನು ವೈದ್ಯನು ಪರೀಕ್ಷಿಸಿ ಗುರುತು ಹಾಕಬೇಕೆಂದು ಹೇಳಿ, ಬರೆ ಹಾಕುವುದನ್ನು ನಿಷೇಧಿಸಿವೆ. ಕೌಟಿಲ್ಯನ ಅಂಕವು ಕಿವಿಯ ಬಿಲ್ಲೆಯಾಗಿ ಹಿಂದಿರುಗಿತೆನ್ನಬಹುದು. ಪುರಸಭೆಗಳ ಹಣದಿಂದ ಬೀದಿನಾಯಿಗಳಿಗೆ ಸಂತಾನನಿರೋಧದ ಶಸ್ತ್ರಚಿಕಿತ್ಸೆ ಮಾಡುವಲ್ಲಿ, ಹೊರತೆಗೆದ ಅವಯವಗಳನ್ನು ಕಾದಿರಿಸಿ ಎಣಿಸಿ ಸಂಖ್ಯೆಯನ್ನು ತಾಳೆನೋಡುವ ರೂಢಿಯುಂಟು. ಸತ್ತ ಕುರಿಯ ಕಿವಿಯನ್ನು ಕೇಳಿದ ಶಾಸ್ತ್ರಕಾರನಿಗೆ ಇದು ಹೊಸದೆನಿಸುತ್ತಿರಲಿಲ್ಲ. ಆದರೆ ಜನರ ದಾನದಿಂದಲೇ ನಡೆಯುವ ಆಶ್ರಯಶಾಲೆಯಲ್ಲಿ, ಹಣದಷ್ಟೇ ಕಟ್ಟುನಿಟ್ಟಾಗಿ ಪ್ರಾಣಿಯ ಲೆಕ್ಕವನ್ನು ಕೇಳುವ ಪದ್ಧತಿ ಬೇರೂರಿಲ್ಲ.

ಇದಕ್ಕೆ ಎರಡು ಆಕ್ಷೇಪಗಳುಂಟು. ಬರೆವಣಿಗೆಗೆ ತಗಲುವ ಹಣವು ಪ್ರಾಣಿಯ ಬಾಯಿಂದ ಕಿತ್ತುದಾಗುವುದೆಂಬುದು ಒಂದು. ಗುಮಾಸ್ತೆಯ ಸಂಬಳವು ಆಡಳಿತವೆಚ್ಚವೆನಿಸಿ ಸಂಸ್ಥೆಗೆ ಕೆಟ್ಟ ಹೆಸರನ್ನು ತರುವುದೂ ಉಂಟು. ಆದರೆ ಲೆಕ್ಕವಿಲ್ಲದ ಶಾಲೆಯಲ್ಲಿ ಮೇವು ಪ್ರಾಣಿಗೇ ಮುಟ್ಟಿತೆಂಬುದಕ್ಕೆ ಆಧಾರವೇನು? ಅಲ್ಪವೆಚ್ಚವನ್ನೇ ಪ್ರಾಮಾಣಿಕತೆಯ ಅಳತೆಯೆಂದು ದಾನಿಗಳು ತಿಳಿಯುವುದು ಯುಕ್ತವಲ್ಲ. ಎರಡನೆಯ ಆಕ್ಷೇಪವು ಇದಕ್ಕಿಂತ ಬಲವಾದುದು. ಸಾವಿನ ಸಂಖ್ಯೆಯನ್ನು ಪ್ರಕಟಿಸಿದರೆ ಜನರು ನಿಂದಿಸುವರು, ದಾನವು ನಿಲ್ಲುವುದು ಎಂಬುದೇ ಅದು. ವಾಸ್ತವವಾಗಿ, ರಸ್ತೆಯಲ್ಲಿ ಜಜ್ಜಿಹೋದ ನಾಯಿಯನ್ನೂ ಕೊನೆಗಾಲದ ಮುದಿ ಎತ್ತನ್ನೂ ಒಲ್ಲೆನ್ನದೆ ಸೇರಿಸಿಕೊಳ್ಳುವ ಶಾಲೆಯಲ್ಲಿ ಸಾವು ಹೆಚ್ಚು. ಆರಿಸಿಕೊಂಡು ಸೇರಿಸುವ ಶಾಲೆಯಲ್ಲಿ ಕಡಿಮೆ. ಸಂಖ್ಯೆಯೊಂದನ್ನೇ ನೋಡುವವರು ದಯೆಯುಳ್ಳವನನ್ನೇ ದಂಡಿಸಿದಂತಾಗುವುದು. ಇದಕ್ಕೆ ಸಮಾಧಾನವು ಮನುವಿನ ತೋಳದ ದೃಷ್ಟಾಂತದಲ್ಲಿಯೇ ಇದೆ. ಸಂಖ್ಯೆಯ ಜೊತೆಗೆ ಕಾರಣವನ್ನೂ, ಬಂದಾಗಿನ ಸ್ಥಿತಿಯನ್ನೂ, ಮಾಡಿದ ಪ್ರಯತ್ನವನ್ನೂ ಬರೆದರೆ ನಿರ್ದೋಷಿಗೆ ಅದೇ ರಕ್ಷೆ. ಮರೆಮಾಚಿದಲ್ಲಿ ನಿರ್ದೋಷಿಯನ್ನೂ ದೋಷಿಯನ್ನೂ ಬೇರ್ಪಡಿಸುವ ಉಪಾಯವಿಲ್ಲ.

ಹೀಗಿರಲು, ಪ್ರತಿಯೊಂದು ಶಾಲೆಯೂ ಇಡಬೇಕಾದ ಪುಸ್ತಕವು ದೊಡ್ಡದೇನೂ ಅಲ್ಲ. ಪ್ರಾಣಿಯ ಗುರುತು, ಬಂದ ದಿನ ಮತ್ತು ಸ್ಥಳ, ಬಂದಾಗಿನ ಸ್ಥಿತಿ, ಚಿಕಿತ್ಸೆ, ಕೊನೆಗೆ ಸಾಕುವವರಿಗೆ ಕೊಟ್ಟುದೋ, ಬಿಟ್ಟುದೋ, ಕಳೆದುದೋ, ಸತ್ತುದೋ ಎಂಬುದು, ಸತ್ತಿದ್ದರೆ ಕಾರಣ ಮತ್ತು ಅದನ್ನು ಕಂಡ ವೈದ್ಯನ ರುಜು. ವರ್ಷಾರಂಭದಲ್ಲಿ ಇದ್ದವು, ಬಂದವು, ಹೋದವು, ಉಳಿದವು ಎಂಬ ನಾಲ್ಕು ಸಂಖ್ಯೆಗಳು ಹಣದ ಲೆಕ್ಕದೊಡನೆ ಪ್ರಕಟವಾಗಬೇಕು. ಸಂಸ್ಥೆಗೆ ಸೇರದ ಒಬ್ಬನು ಬಂದು ತಲೆ ಎಣಿಸಬೇಕು. ಕೌಟಿಲ್ಯನ ಕಾಲದ ಅಧಿಕಾರಿಗಳು ಆಷಾಢದಲ್ಲಿ ತಮ್ಮ ಪುಸ್ತಕಗಳನ್ನು ಮುದ್ರೆಯೊಡನೆ ತಂದೊಪ್ಪಿಸುತ್ತಿದ್ದರು. ಇಂದು ಒಪ್ಪಿಸಿಕೊಳ್ಳಬೇಕಾದವರು ದಾನ ಕೊಟ್ಟ ಜನರು. ಮಾತಿಲ್ಲದ ಪ್ರಾಣಿಯ ಪರವಾಗಿ ಸಂಜೆ ಬಾಗಿಲಲ್ಲಿ ನಿಂತು ಎಣಿಸುವ ಸ್ವಾಮಿಯ ಸ್ಥಾನವು ಅವರದು. ಹಣವನ್ನು ಕೊಟ್ಟ ಮಾತ್ರಕ್ಕೆ ಅವರ ಧರ್ಮವು ಮುಗಿಯದೆಂಬುದೇ ಈ ವಿಚಾರದ ಫಲಿತಾರ್ಥವು.