ಪಟ್ಟಿಗೆ ಸೇರಿದ ಕಟ್ಟಡವನ್ನು ಕೆಡವಬಹುದೇ?

ಪ್ರಶ್ನೆ: ಅಮೆರಿಕದ ಹಳ್ಳಿಗಾಡಿನಲ್ಲಿ ಸರ್ಕಾರ ‘ಐತಿಹಾಸಿಕ’ ಎಂದು ಗುರುತಿಸಿದ ಕಟ್ಟಡವನ್ನು ಮಾಲೀಕರು ಕೆಡವುವಂತಿಲ್ಲವೇ?

ಉತ್ತರ: ಕೆಡವಬಹುದು. 1966ರ ಕಾಯ್ದೆಯಡಿ ಬಂದ ರಾಷ್ಟ್ರೀಯ ಪಟ್ಟಿ ಖಾಸಗಿ ಮಾಲೀಕರ ಕೈ ಕಟ್ಟುವುದಿಲ್ಲ. ತಡೆಯುವುದಿದ್ದರೆ ಸ್ಥಳೀಯ ಕಾನೂನು ತಡೆಯಬೇಕು. ಕೇಂದ್ರ ಸರ್ಕಾರದ ಹಣ ಅಥವಾ ಪರವಾನಗಿಯ ಕಾಮಗಾರಿಯಾದರೆ ಮಾತ್ರ ಹಾನಿಯನ್ನು ಮೊದಲೇ ಪರಿಶೀಲಿಸಬೇಕು. ಆದಾಯ ತರುವ ಕಟ್ಟಡವನ್ನು ನಿಯಮದಂತೆ ದುರಸ್ತಿ ಮಾಡಿದರೆ ಖರ್ಚಿನ ಶೇ 20ರಷ್ಟು ತೆರಿಗೆಯಲ್ಲಿ ಕಡಿತವುಂಟು.

ಪಟ್ಟಿಯಲ್ಲಿ ಎಂಥ ಕಟ್ಟಡಗಳಿವೆ ಎಂದು ತಿಳಿಯಲು ಅಲಬಾಮಾದ ಹೇಲ್ ಕೌಂಟಿಯನ್ನೇ ನೋಡಿ. ಪ್ರೇರಿವಿಲ್‌ನ ಸೇಂಟ್ ಆಂಡ್ರ್ಯೂಸ್ ಚರ್ಚನ್ನು 1853ರ ಸುಮಾರಿಗೆ ಮರದಲ್ಲಿ ಕಟ್ಟಿದವರು ಗುಲಾಮರು. ಪೀಟರ್ ಲೀ, ಜೋ ಗ್ಲಾಸ್ಗೋ ಎಂಬ ಬಡಗಿಗಳ ಹೆಸರಾದರೂ ಉಳಿದಿದೆ! ತೋಟದೊಡೆಯರ ಬಂಗಲೆಗಳ ಜೊತೆಗೆ ಕಪ್ಪು ಮಕ್ಕಳಿಗಾಗಿ ಎದ್ದ ರೋಸೆನ್‌ವಾಲ್ಡ್ ಶಾಲೆಗಳೂ ಪಟ್ಟಿಯಲ್ಲಿವೆ. ದುರಸ್ತಿಯ ಹಣ ಮೊದಲು ಸಲ್ಲಬೇಕಾದದ್ದು ಈ ಶಾಲೆಗಳಿಗೆ ಎಂದೇ ನನ್ನ ಅಭಿಪ್ರಾಯ. ಅಂಥ ಶಾಲೆಗಳನ್ನು ಕಟ್ಟಲು ಊರಿನ ಕಪ್ಪು ಜನರೂ ದುಡ್ಡು, ದುಡಿಮೆ ಕೂಡಿಸಿದ್ದರು.