ಹೆದ್ದಾರಿಯ ಅನಿಮಿಷ ನೇತ್ರ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೊಸ ಹೆದ್ದಾರಿಯು 2023ನೆಯ ಇಸವಿ ಮಾರ್ಚಿ ತಿಂಗಳಲ್ಲಿ ಉದ್ಘಾಟಿತವಾದುದನ್ನು ವಾಚಕರು ಬಲ್ಲರು. ಸುಮಾರು 118 ಕಿಲೋಮೀಟರಿನ ದಾರಿಯನ್ನು ಒಂದೂವರೆ ಗಂಟೆಯಲ್ಲಿ ಕ್ರಮಿಸಬಹುದೆಂಬ ಸಂತೋಷವು ಬಹುಕಾಲ ನಿಲ್ಲಲಿಲ್ಲ. ಆ ಒಂದೇ ವರ್ಷದಲ್ಲಿ ಅಲ್ಲಿ 188 ಮಂದಿ ಅಸುನೀಗಿದರೆಂದು ಪೋಲೀಸು ಇಲಾಖೆಯ ಲೆಕ್ಕವು ಹೇಳುತ್ತದೆ. 2024ರಲ್ಲಿ ಆ ಸಂಖ್ಯೆಯು 50ಕ್ಕೆ ಇಳಿಯಿತು. ಈ ನಡುವೆ ನಡೆದುದೇನು?

ಮುಖ್ಯವಾಗಿ ಎರಡು ಕಾರ್ಯಗಳು ನಡೆದುವು. 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋರಿಕ್ಷಾ, ಟ್ರ್ಯಾಕ್ಟರು ಮುಂತಾದುವುಗಳಿಗೆ ಮುಖ್ಯಮಾರ್ಗದಲ್ಲಿ ಪ್ರವೇಶವು ನಿಷಿದ್ಧವಾಯಿತು. ಮರುವರ್ಷ, ವೇಗವನ್ನು ಅಳೆದು ವಾಹನದ ಸಂಖ್ಯಾಫಲಕವನ್ನು ತಾವೇ ಓದಿಕೊಳ್ಳುವ ಕ್ಯಾಮರಾಗಳು ದಾರಿಯುದ್ದಕ್ಕೂ ನೆಲೆಗೊಂಡುವು. ಆದುದರಿಂದ ಪುಣ್ಯವೆಲ್ಲವನ್ನೂ ಕ್ಯಾಮರಾದ ಹೆಸರಿಗೇ ಬರೆಯುವುದು ನ್ಯಾಯವಲ್ಲ. ಆದರೂ ಹಲವು ದೇಶಗಳ 35 ಅಧ್ಯಯನಗಳನ್ನು ಕಾಕ್ರೇನ್ ಸಂಸ್ಥೆಗಾಗಿ 2010ರಲ್ಲಿ ತೂಗಿನೋಡಿದ ವಿದ್ವಾಂಸರು, ಇಂತಹ ಕ್ಯಾಮರಾಗಳ ಆಸುಪಾಸಿನಲ್ಲಿ ಮರಣವೋ ತೀವ್ರಗಾಯವೋ ಆಗುವ ಅಪಘಾತಗಳು ನೂರಕ್ಕೆ 11ರಿಂದ 44ರವರೆಗೆ ಕಡಮೆಯಾದುದನ್ನು ಕಂಡರು.

ಕಾರಣವು ಗೂಢವಲ್ಲ. ಅಲ್ಲಿ ಕಾರುಗಳಿಗೆ ವಿಧಿಸಿರುವ ಮಿತಿ ಗಂಟೆಗೆ 100 ಕಿಲೋಮೀಟರು. ಅಂದರೆ ಒಂದು ಕ್ಷಣ ಕಣ್ಣು ತಪ್ಪಿದರೆ ಬಂಡಿಯು 28 ಮೀಟರು ಮುಂದೆ ಹೋಗಿರುತ್ತದೆ. ಈ ವೇಗವು 140 ಆಯಿತೆನ್ನೋಣ. ಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದರಿಂದ ಡಿಕ್ಕಿಯ ಬಲವು ಹೆಚ್ಚುಕಡಮೆ ಇಮ್ಮಡಿಯಾಗುವುದು.

ಈ ಯಂತ್ರವನ್ನು ಲೋಕದಲ್ಲಿ ರೂಢಿಗೆ ತಂದ ಹಾಲೆಂಡಿನ ಮಾರಿಸ್ ಗಟ್ಸೋನಿಡೆಸ್ ಎಂಬಾತನು 1953ರ ಮಾಂಟೆಕಾರ್ಲೊ ಮೋಟಾರು ಪಂದ್ಯವನ್ನು ಗೆದ್ದವನು. ತಿರುವುಗಳಲ್ಲಿ ತನ್ನ ವೇಗವನ್ನು ಹೆಚ್ಚಿಸಿಕೊಳ್ಳಲೆಂದು ಅವನು ಮಾಡಿಕೊಂಡ ಉಪಕರಣವೇ ಮುಂದೆ ಪರರ ವೇಗವನ್ನು ತಗ್ಗಿಸುವ ಸಾಧನವಾಯಿತು!

ಇದು ಬೊಕ್ಕಸ ತುಂಬುವ ಉಪಾಯವೆಂದು ಗೊಣಗುವವರುಂಟು. ಕೇಂದ್ರ ಸರ್ಕಾರವು 2021ರ ಆಗಸ್ಟಿನಲ್ಲಿ ಮಾಡಿದ ನಿಯಮದಂತೆ, ಕ್ಯಾಮರಾ ಇರುವ ಭಾಗಕ್ಕೆ ಮೊದಲೇ ಎಚ್ಚರಿಕೆಯ ಫಲಕವನ್ನು ಎದ್ದು ಕಾಣುವ ಹಾಗೆ ನಿಲ್ಲಿಸತಕ್ಕದ್ದು. ಯಂತ್ರದ ಪ್ರಮಾಣಪತ್ರವನ್ನು ವರ್ಷವರ್ಷವೂ ಹೊಸದಾಗಿ ಪಡೆಯತಕ್ಕದ್ದು. ಹಣವೇ ಉದ್ದೇಶವಾದರೆ ಹೇಳಿ ಹಿಡಿಯುವರೆ? ಒಂದು ರೂಪಾಯಿಯನ್ನೂ ಸಂಪಾದಿಸದ ಕ್ಯಾಮರಾವೇ ಉತ್ತಮವಾದುದೆಂದು ನಾವು ಭಾವಿಸುತ್ತೇವೆ. ಫಲಕವಿಲ್ಲದೆ ಮರೆಯಲ್ಲಿಟ್ಟ ಕ್ಯಾಮರಾ ಮಾತ್ರ ನಮಗೆ ಒಪ್ಪಿಗೆಯಲ್ಲ.

ಗೃಹಸ್ಥರು ವಿಚಾರಿಸಬೇಕಾದ ಸಂಗತಿ ಬೇರೊಂದುಂಟು. ಕ್ಯಾಮರಾ ಓದುವುದು ಬಂಡಿಯ ಸಂಖ್ಯೆಯನ್ನು. ನಡಸಿದವರಾರೆಂದು ಅದು ಅರಿಯದು. ಸೂಚನಾಪತ್ರವು ಒಡೆಯನ ಹೆಸರಿಗೆ ಬರುತ್ತದೆ. ದಂಡ ಯಾರಿಗೆ ಎಂಬ ಈ ಪ್ರಶ್ನೆಯು ಹೊಸದಲ್ಲ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಇದು ಸವಿಸ್ತಾರವಾಗಿ ಬಂದಿದೆ. ಮೂಗುದಾರ ಹರಿದು, ನೊಗ ಮುರಿದು, ಇಲ್ಲವೆ ದಾರಿ ಬಿಡಿರೆಂದು ಸಾರಥಿಯು ಕೂಗಿದ ಮೇಲೂ ಹಾನಿಯಾದರೆ ದಂಡವಿಲ್ಲ. ಕುಶಲನಾದ ಸಾರಥಿಯು ಅಜಾಗ್ರತೆಯಿಂದ ಕೆಡಿಸಿದರೆ ದಂಡವು ಅವನಿಗೆ. ಸಾರಥಿಯು ಅಕುಶಲನಾದರೆ ಒಡೆಯನಿಗೆ. 2019ರ ತಿದ್ದುಪಡಿಯೂ ಈ ಜಾಡಿನದೇ: ಹದಿನೆಂಟು ತುಂಬದವನು ಬಂಡಿ ನಡಸಿ ಅಪರಾಧವೆಸಗಿದರೆ ಪೋಷಕರಿಗೋ ಒಡೆಯನಿಗೋ ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ.

ಮಗನು ಪ್ರಾಪ್ತವಯಸ್ಕನಾಗಿದ್ದರೆ? ನಾವು ಬಲ್ಲ ಒಂದು ಮನೆಯಲ್ಲಿ ಮಗನು ಅತಿವೇಗದಿಂದ ಕಾರು ನಡಸಿದುದಕ್ಕೆ ತಂದೆಯ ಮೊಬೈಲಿಗೆ ಸೂಚನೆ ಬಂದಿತು. ಅವರು ಯಾರಿಗೂ ಹೇಳದೆ ಹಣ ಕಟ್ಟಿಬಿಟ್ಟರು. ನಡಸಿದವನಿಗೆ ಸುದ್ದಿಯೇ ಮುಟ್ಟಲಿಲ್ಲ. ತಿಂಗಳೊಳಗಾಗಿ ಅದೇ ದಾರಿಯಲ್ಲಿ ಎರಡನೆಯ ಸೂಚನೆ. ಈ ಸಲ ಅದು ತಾಯಿಯ ಕಣ್ಣಿಗೆ ಬಿದ್ದಿತು. ಆಕೆಯು ಮಗನು ಊಟಕ್ಕೆ ಕುಳಿತಾಗ ಆ ಚಿತ್ರವನ್ನು ತಟ್ಟೆಯ ಪಕ್ಕದಲ್ಲಿಟ್ಟು, “ಈ ಹೊತ್ತಿನಲ್ಲಿ ಕಾರಿನಲ್ಲಿ ಇದ್ದವರು ಯಾರಪ್ಪ?” ಎಂದರು. ಅವನ ಹೆಂಡತಿಯೂ ಮಗುವೂ ಹಿಂದಿನ ಪೀಠದಲ್ಲಿದ್ದರು. ಎರಡನೆಯ ದಂಡವನ್ನು ಅವನು ತನ್ನ ಸಂಬಳದಿಂದಲೇ ಕಟ್ಟಿದನು.