ಜಾಲತಾಣದ ಅರ್ಜಿಗಳಲ್ಲಿ ಕಂಡುಬರುವ ದೋಷಗಳು



ಹಿಂದೆ ಅರ್ಜಿ ಎಂದರೆ ಕಾಗದ, ಮಸಿ ಮತ್ತು ಕಚೇರಿಯ ಕಿಟಕಿ. ಈಗ ಪಹಣಿ, ಬೆಳೆ ವಿಮೆ ಮೊದಲಾದ ಅನೇಕ ಕೆಲಸಗಳು ವೆಬ್‌ಸೈಟ್ ಎಂದು ಕರೆಯುವ ಜಾಲತಾಣಗಳ ಮೂಲಕ ನಡೆಯುತ್ತವೆ. ಅರ್ಜಿ ಮುಂದಕ್ಕೆ ಹೋಗದೆ ನಿಂತಾಗ, "ನಮಗೆ ಓದು ಸಾಲದು, ಇದು ನಮ್ಮ ಕೈಯಲ್ಲಾಗುವ ಕೆಲಸವಲ್ಲ" ಎಂದು ಮೊಬೈಲನ್ನು ಕೆಳಗಿಡುವವರು ಬಹಳ ಮಂದಿ ಇದ್ದಾರೆ. ಅನೇಕ ವೇಳೆ ತಪ್ಪು ಅವರದಾಗಿರುವುದಿಲ್ಲ. ಆ ಪುಟವನ್ನು ಕಟ್ಟಿದವರದಾಗಿರುತ್ತದೆ. ಕೂರಿಗೆಯ ಕೊಳವೆ ಕಟ್ಟಿಕೊಂಡು ಕಾಳು ಬೀಳದಿದ್ದರೆ ಯಾರೂ ಎತ್ತನ್ನು ಬಯ್ಯುವುದಿಲ್ಲವಷ್ಟೆ.

ಇದರಿಂದ ಆಗುವ ನಷ್ಟ ಸಣ್ಣದಲ್ಲ. 2016ರ ಮುಂಗಾರಿನಿಂದ ಜಾರಿಗೆ ಬಂದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ, ವಿಮೆ ಮಾಡಿಸಿದ ಬೆಳೆ ಆಲಿಕಲ್ಲು ಮಳೆಯಂತಹ ಸ್ಥಳೀಯ ವಿಕೋಪಕ್ಕೆ ಸಿಕ್ಕಿದರೆ 72 ಗಂಟೆಗಳೊಳಗೆ ತಿಳಿಸಬೇಕೆಂಬ ನಿಯಮವಿದೆ. ಕೆಟ್ಟ ಪುಟವೊಂದು ಅರ್ಧ ದಿನ ತಿಂದರೆ, ಅದು ಈ 72 ಗಂಟೆಗಳಲ್ಲಿಯೇ ಕಳೆಯುತ್ತದೆ.

ಎಲ್ಲಕ್ಕಿಂತ ದೊಡ್ಡ ದೋಷ ಪುಟದ ಮೂಕತನ. "ಸಲ್ಲಿಸಿ" ಎಂಬ ಗುಂಡಿಯನ್ನು ಒತ್ತುತ್ತೀರಿ. ಅರ್ಜಿ ಹೋಯಿತೋ ಇಲ್ಲವೋ ಹೇಳುವವರಿಲ್ಲ. ಮತ್ತೊಮ್ಮೆ ಒತ್ತಿದರೆ ಅರ್ಜಿ ಎರಡಾಗಬಹುದು, ಹಣ ಕಟ್ಟುವ ಪುಟವಾದರೆ ಹಣವೂ ಎರಡು ಸಲ ಹೋಗಬಹುದು. ಒಳ್ಳೆಯ ಪುಟವು ಕೂಡಲೇ "ಅರ್ಜಿ ತಲುಪಿತು" ಎಂದು ತಿಳಿಸಿ ಒಂದು ಸಂಖ್ಯೆಯನ್ನು ಕೊಡತಕ್ಕದ್ದು. ಇನ್ನು ಕೆಲವು ಪುಟಗಳು ಮಾತನಾಡುತ್ತವೆ, ಆದರೆ ಉಪಯೋಗವಿಲ್ಲದ ಮಾತು. ಸರ್ವೆ ನಂಬರಿಗೊಂದು ಮನೆ, ಹಿಸ್ಸೆಗೊಂದು ಮನೆ ಬೇರೆಬೇರೆಯಾಗಿ ಇಟ್ಟಿರುತ್ತಾರೆ. ರೈತನು ಪಹಣಿಯಲ್ಲಿ ಕಂಡಂತೆ 45/2 ಎಂದು ಒಂದೇ ಮನೆಯಲ್ಲಿ ಬರೆಯುತ್ತಾನೆ. ಆಗ ಬರುವ ಉತ್ತರ ಕೆಂಪು ಅಕ್ಷರದಲ್ಲಿ "ತಪ್ಪಾಗಿದೆ" ಎಂದಷ್ಟೆ. ಯಾವ ಮನೆಯಲ್ಲಿ ತಪ್ಪು, ಹೇಗೆ ಬರೆಯಬೇಕು ಎಂಬ ಒಂದು ಮಾತಿಲ್ಲ. ಅದರ ಮೇಲೆ ಅಲ್ಲಿಯವರೆಗೆ ತುಂಬಿದ್ದನ್ನೆಲ್ಲ ಅಳಿಸಿಹಾಕುವ ಪುಟಗಳೂ ಉಂಟು. ಇದು ಬರಿಯ ಸೋಮಾರಿತನವೆಂದು ಹೇಳದೆ ವಿಧಿಯಿಲ್ಲ.

ದಿನಾಂಕದ ವಿಷಯದಲ್ಲಿ ಎಚ್ಚರಿಕೆ ಬೇಕು. ನಾವು ದಿನವನ್ನು ಮೊದಲು ಬರೆದು ಆಮೇಲೆ ತಿಂಗಳನ್ನು ಬರೆಯುತ್ತೇವೆ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ. ಅವರ ಮಾದರಿಯಲ್ಲಿ ಕಟ್ಟಿದ ನಮೂನೆಯಲ್ಲಿ ಜುಲೈ 5ರ ಬಿತ್ತನೆಯನ್ನು 05/07 ಎಂದು ತುಂಬಿದರೆ ಅದು ಮೇ 7 ಆಗಿಬಿಡುತ್ತದೆ. ತಿಂಗಳ ಹೆಸರನ್ನು ಅಕ್ಷರದಲ್ಲಿ ತೋರಿಸಿದರೆ ಈ ತೊಡಕೇ ಇಲ್ಲ.

ಪುಟದ ತೂಕವೂ ಒಂದು ದೋಷ. ಮೇಲ್ಭಾಗದಲ್ಲಿ ಅಲಂಕಾರಕ್ಕೆಂದು ಇಟ್ಟ ಚಿತ್ರಗಳು 5 ಎಂ.ಬಿ. ಇವೆಯೆಂದಿಟ್ಟುಕೊಳ್ಳಿ. ಸಿಗ್ನಲ್ ಕುಂದಿ ಸೆಕೆಂಡಿಗೆ 200 ಕಿಲೋಬಿಟ್ ಮಾತ್ರ ಬರುವ ಹಳ್ಳಿಯಲ್ಲಿ ಅವು ಇಳಿಯಲು ಮೂರು ನಿಮಿಷಕ್ಕೂ ಮೀರಿ ಬೇಕು. ಕಾದು ಕುಳಿತವನಿಗೆ ಬೇಕಾದದ್ದು ಕೆಳಗಿನ ನಾಲ್ಕು ಸಾಲು ಮಾತ್ರ!

ಬಿಳಿಯ ಮೇಲೆ ಮಾಸಲು ಬೂದು ಅಕ್ಷರ ಬರೆಯುವವರೂ ಇದ್ದಾರೆ. ಫ್ಯಾನಿನ ಕೆಳಗೆ ದೊಡ್ಡ ಪರದೆಯಲ್ಲಿ ನೋಡಿದವರಿಗೆ ಅದು ಅಂದವಾಗಿಯೇ ಕಂಡಿರಬೇಕು. ಹೊಲದ ಬಿಸಿಲಿನಲ್ಲಿ ನಿಂತವರಿಗೆ ಏನೂ ಕಾಣುವುದಿಲ್ಲ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಕನಿಷ್ಠ 4.5ಕ್ಕೆ 1ರಷ್ಟು ಬೆಳಕಿನ ವ್ಯತ್ಯಾಸ ಇರಬೇಕೆಂದು, ಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯೂ ತ್ರೀ ಸಿ ಸಂಸ್ಥೆ 2008ರಲ್ಲಿಯೇ ಹೇಳಿದೆ. ಮೇಲಿನ ಹೆಸರು ಕನ್ನಡದಲ್ಲಿದ್ದು ತಪ್ಪಿನ ಸೂಚನೆ ಮಾತ್ರ ಇಂಗ್ಲಿಷಿನಲ್ಲಿ ಬರುವುದೂ ಇದೇ ಜಾತಿಯ ದೋಷ.

ಇವನ್ನು ಮೊದಲೇ ಕಂಡುಹಿಡಿಯುವುದು ಕಷ್ಟವೇನಲ್ಲ. ಈ ವಿಷಯದ ತಜ್ಞರಾದ, ಡೆನ್ಮಾರ್ಕ್ ಮೂಲದ ಯಾಕೊಬ್ ನೀಲ್ಸನ್ ಅವರು 2000ದಲ್ಲಿ ಒಂದು ಲೆಕ್ಕ ಕೊಟ್ಟರು: ಐದು ಜನ ಬಳಕೆದಾರರ ಮುಂದೆ ಪುಟವನ್ನಿಟ್ಟು, ಅವರು ಎಲ್ಲಿ ತಡವರಿಸುತ್ತಾರೆಂದು ಸುಮ್ಮನೆ ನೋಡಿದರೆ ಶೇಕಡಾ 85ರಷ್ಟು ದೋಷಗಳು ಹೊರಬೀಳುತ್ತವೆ. ಐದು ಜನ ರೈತರನ್ನು ಒಂದು ಮಧ್ಯಾಹ್ನ ಕೂರಿಸಿಕೊಳ್ಳಲು ಎಷ್ಟು ಖರ್ಚಾದೀತು?

ಅಲ್ಲಿಯವರೆಗೆ ನೀವು ಮಾಡಬಹುದಾದದ್ದು ಇಷ್ಟು. ಕೊನೆಯ ದಿನಕ್ಕೆ ಕಾಯಬೇಡಿ. ತುಂಬುವ ಮೊದಲು ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಎದುರಿಗಿರಲಿ. ಅರ್ಜಿಯ ಸಂಖ್ಯೆ ಬಂದ ಕೂಡಲೇ ಬರೆದಿಟ್ಟುಕೊಳ್ಳಿ. ಬಾರದಿದ್ದರೆ ಪರದೆಯ ಚಿತ್ರವನ್ನು ತೆಗೆದಿಡಿ. ಬೆಳೆ ವಿಮೆಯ ಪುಟ ನಿಂತುಹೋದರೆ 14447 ಸಂಖ್ಯೆಗೆ ದೂರವಾಣಿ ಮಾಡಬಹುದು, ಇಲ್ಲವೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು. ದೂರು ಹೇಳುವಾಗ "ಸೈಟು ಆಗಲಿಲ್ಲ" ಎಂದರೆ ಸರಿಪಡಿಸುವವರಿಗೆ ಏನೂ ತಿಳಿಯುವುದಿಲ್ಲ. ಯಾವ ಪುಟ, ಎಷ್ಟನೆಯ ಮನೆ, ಅದರಲ್ಲಿ ಏನು ತುಂಬಿದಿರಿ, ಏನು ಉತ್ತರ ಬಂತು, ಆಗ ಗಂಟೆ ಎಷ್ಟಾಗಿತ್ತು ಎಂಬುದನ್ನು ಬರೆದುಕೊಂಡು ಹೋಗಿ.